ಕಿರುಬೆರಳಿಗೆ ದೊಡ್ಡ ರೋಗ

ನನ್ನ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ನನ್ನ ಮೈಯಲ್ಲಲ್ಲ. ಇಪ್ಪತ್ಮೂರು ಮಕ್ಕಳ ಕೈಯಲ್ಲಿ.

ಜಯನಗರದಲ್ಲಿ ಮಹಿಳಾ ಸಮಾಜವೊಂದು ನಡೆಸುವ ಶಿಶುವಿಹಾರದಲ್ಲಿ ನಾನು ಟೀಚರ್. ಮೂರರಿಂದ ಐದು ವರ್ಷದ ಮಕ್ಕಳು. ಅದು ಅಕ್ಷರ ತಿದ್ದಿಸುವ ವಯಸ್ಸಲ್ಲ, ಬೆರಳು ಪಳಗಿಸುವ ವಯಸ್ಸು. ಹಾಗಾಗಿ ನಮ್ಮಲ್ಲಿ ಬೆಳಿಗ್ಗೆಯೆಲ್ಲ ಕೈಯಾಟವೇ. ಮುಷ್ಟಿ ಕಟ್ಟಿದರೆ ಮನೆ, ಅಂಗೈ ಬಿಚ್ಚಿದರೆ ಅಂಗಳ, ಹತ್ತು ಬೆರಳು ಹೆಣೆದರೆ ಗುಬ್ಬಿಯ ಗೂಡು. ಹಾಡುಗಳನ್ನು ನಾನೇ ಕಟ್ಟುತ್ತಿದ್ದೆ. ಅವುಗಳಲ್ಲಿ ಮಕ್ಕಳಿಗೆ ಪ್ರಾಣವಾಗಿದ್ದದ್ದು ಇದು:

ಬಾಗಿಲು ತೆಗೆದ ಹೆಬ್ಬೆರಳಪ್ಪ,
ದಾರಿ ತೋರಿದ ತೋರ್ಬೆರಳಪ್ಪ,
ಎತ್ತರ ನಿಂತ ನಡುಬೆರಳಪ್ಪ,
ಉಂಗುರ ತೊಟ್ಟು ಬಂದಳು ಅಕ್ಕ,
ಕಿರುಬೆರಳಮ್ಮ, ಕಿರುಬೆರಳಮ್ಮ,
ನೆಟ್ಟಗೆ ನಿಂತು ಕೈ ಮುಗಿಯಮ್ಮ!

ಒಂದೊಂದು ಸಾಲಿಗೆ ಮುಷ್ಟಿಯೊಳಗಿಂದ ಒಂದೊಂದು ಬೆರಳು ಏಳಬೇಕು. ಕೊನೆಗೆ ಎರಡೂ ಕೈ ಸೇರಿ ನಮಸ್ಕಾರ. ಆಷಾಢದ ಗಾಳಿ ಕಿಟಕಿ ಬಡಿಯುತ್ತಿದ್ದ ಒಂದು ಬೆಳಿಗ್ಗೆ, ಹಾಡು ಕೊನೆಯ ಸಾಲಿಗೆ ಬಂದಾಗ, ನಾನು ಮಕ್ಕಳ ಕೈಗಳನ್ನು ಸರಿಯಾಗಿ ನೋಡಿದೆ. ನಾಲ್ಕು ಬೆರಳು ಎದ್ದು ನಿಂತಿವೆ. ಕಿರುಬೆರಳು ಮಾತ್ರ ಕೊಕ್ಕೆಯ ಹಾಗೆ ಬಗ್ಗಿದೆ. ಒಂದು ಮಗುವಿನದಲ್ಲ. ಎಲ್ಲರದೂ.

"ನೆಟ್ಟಗೆ, ಮಕ್ಕಳೇ, ನೆಟ್ಟಗೆ!" ಎಂದೆ. ಅವು ಇನ್ನೂ ಜೋರಾಗಿ ಹಾಡಿದವು. ಬೆರಳು ಏಳಲಿಲ್ಲ.

ನನ್ನದು ಮೊದಲಿಂದಲೂ ಅನುಮಾನದ ಬುದ್ಧಿ. ಸುಳ್ಳು ಯಾಕೆ ಹೇಳಲಿ? ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎಂದುಕೊಳ್ಳುವವಳು, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುವವಳು. ನಮ್ಮ ಯಜಮಾನರು ಮದುವೆಯಾದ ಹೊಸತರಿಂದಲೂ ನನ್ನನ್ನು ರೇಗಿಸುತ್ತಿದ್ದದ್ದು ಒಂದೇ ತೆಲುಗು ಗಾದೆಯಿಂದ. "ಅನುಮಾನಂ ಪೆದ್ದ ರೋಗಂ ಕಣೇ ಸರೋಜ. ಅನುಮಾನವೇ ದೊಡ್ಡ ರೋಗ. ನಿನಗೆ ಅದು ಬಿಟ್ಟು ಬೇರೆ ರೋಗ ಬರೋಲ್ಲ." ಈ ಗಾದೆಯನ್ನು ನೆನಪಿನಲ್ಲಿಡಿ. ಮುಂದೆ ಇದರಿಂದಲೇ ನನಗೆ ಪೆಟ್ಟು ಬಿತ್ತು.

ಹತ್ತು ದಿನ ಗಮನಿಸಿದೆ. ಹತ್ತೂ ದಿನ ಅದೇ ಬಗ್ಗಿದ ಬೆರಳು. ಯಾರೋ ಹೇಳಿಕೊಟ್ಟಿದ್ದಾರೆ, ಇಲ್ಲದಿದ್ದರೆ ಇಪ್ಪತ್ಮೂರು ಮಕ್ಕಳು ಒಂದೇ ಥರ ಮಾಡಲು ಸಾಧ್ಯವೇ? ಯಾರು ಎಂದು ಯೋಚಿಸಿದರೆ ಶಾಲೆಯಲ್ಲಿ ನನ್ನನ್ನು ಬಿಟ್ಟು ಇದ್ದವಳು ಒಬ್ಬಳೇ, ಆಯಾ ಮುನಿಯಮ್ಮ.

ಮುನಿಯಮ್ಮ ಇಟ್ಟಮಡುವಿನವಳು. ಗದ್ದೆ ಬದುವಿನ ಮೇಲೆ ನಡೆದು ನಡೆದು ಬಲಿತ ಕಾಲು, ಕಡಿಮೆ ಮಾತು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಬರುವುದು ಅವಳ ಕೆಲಸ. ಎಲ್ಲ ಶಾಲೆಗಳಲ್ಲೂ ಇರುವಂತೆ ನಮ್ಮಲ್ಲೂ ಮಕ್ಕಳು ಕಿರುಬೆರಳು ಎತ್ತಿ ತೋರಿಸಿದರೆ ಒಂದಕ್ಕೆ ಹೋಗಬೇಕು ಎಂದರ್ಥ. ಒಬ್ಬರು ಎತ್ತಿದರೆ ನೋಡಿದವರೆಲ್ಲ ಎತ್ತುತ್ತಾರೆ. ಮುನಿಯಮ್ಮ ದಿನಕ್ಕೆ ಹತ್ತು ಸಲ ಹಿತ್ತಲಿಗೆ ಅಲೆಯಬೇಕು.

ತಟ್ಟನೆ ನನಗೆ ಎಲ್ಲ ಹೊಳೆಯಿತು. ಅಲೆದಾಟ ತಪ್ಪಿಸಿಕೊಳ್ಳಲು ಇವಳೇ ಮಕ್ಕಳನ್ನು ಹೆದರಿಸಿದ್ದಾಳೆ. ಕಿರುಬೆರಳು ಎತ್ತಬೇಡಿ ಎಂದಿದ್ದಾಳೆ. ಅದಕ್ಕೇ ಪಾಪ, ಹಾಡಿನಲ್ಲೂ ಎತ್ತುತ್ತಿಲ್ಲ!

ಕರೆದು ಕೇಳಿಯೇಬಿಟ್ಟೆ. "ಏನ್ ಮುನಿಯಮ್ಮ, ಮಕ್ಕಳಿಗೆ ಕಿರುಬೆರಳು ಎತ್ತಬೇಡಿ ಅಂತ ಹೇಳಿದ್ದೀಯಾ?"

"ನಾನ್ಯಾಕಮ್ಮ ಹಂಗೆ ಹೇಳ್ಲಿ?"

"ಮತ್ತೆ ಯಾಕೆ ಎಲ್ಲರೂ ಬಗ್ಗಿಸ್ತಾರೆ?"

ಅವಳು ನನ್ನ ಮುಖ ನೋಡಲಿಲ್ಲ. ಹಾಜರಿ ಪುಸ್ತಕ ಹಿಡಿದಿದ್ದ ನನ್ನ ಕೈ ನೋಡಿದಳು. ಆಮೇಲೆ ನೆಲ ನೋಡಿದಳು. "ನಂಗೆ ಗೊತ್ತಿಲ್ಲ ಟೀಚರಮ್ಮ" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಲೆ ತಗ್ಗಿಸಿದಳಲ್ಲ, ಅಷ್ಟೇ ಸಾಕಾಯಿತು ನನಗೆ. ಅವತ್ತೇ ಬೆರಳಿನ ಸನ್ನೆಯನ್ನು ರದ್ದು ಮಾಡಿದೆ. ಇನ್ನು ಮುಂದೆ ಬಾಯಿಬಿಟ್ಟು ಹೇಳಬೇಕು ಎಂದೆ. ಮೂರು ವರ್ಷದ ಮಕ್ಕಳು ಬಾಯಿಬಿಟ್ಟು ಹೇಳುವುದುಂಟೆ? ಮಧ್ಯಾಹ್ನದೊಳಗೆ ನಾಲ್ಕು ಚಡ್ಡಿ ಒದ್ದೆ. ಅದನ್ನೂ ಮುನಿಯಮ್ಮನ ಲೆಕ್ಕಕ್ಕೇ ಬರೆದು ಸಮಾಜದ ಅಧ್ಯಕ್ಷಿಣಿಗೆ ದೂರು ಕೊಟ್ಟೆ. ಅವರು ಮುನಿಯಮ್ಮನನ್ನು ತರಗತಿಯಿಂದ ತೆಗೆದು ಅಡುಗೆ ಮನೆಗೆ ಹಾಕಿದರು. ಹಾಲಿನ ಪುಡಿ ಕಲಸುವ ಕೆಲಸ. ಅವಳು ಒಂದು ಮಾತೂ ಎದುರಾಡಲಿಲ್ಲ. ಎದುರಾಡದೆ ಇದ್ದದ್ದೂ ನನಗೆ ಅನುಮಾನಕ್ಕೇ ಆಯಿತು.

ಮುನಿಯಮ್ಮ ಹೋಗಿ ವಾರ ಕಳೆದರೂ ಬೆರಳುಗಳು ಬಗ್ಗಿಯೇ ಇದ್ದವು. ವಿಮಲಾ ಎಂದು ಒಂದು ಹುಡುಗಿ. ನಾಲ್ಕು ವರ್ಷ, ಬಾಯಿ ಮಾತ್ರ ನಲವತ್ತರದು. ಅವಳನ್ನು ಹತ್ತಿರ ಕೂರಿಸಿಕೊಂಡು ನಯವಾಗಿ ಕೇಳಿದೆ.

"ಪುಟ್ಟಿ, ಕಿರುಬೆರಳಮ್ಮನ್ನ ಹಿಂಗೆ ಬಗ್ಗಿಸೋದು ಯಾರು ಹೇಳ್ಕೊಟ್ರು?"

"ನೀವೇ."

"ನಾನಾ?"

"ಹೂಂ ಟೀಚರ್. ನೀವು ಹಿಂಗೇ ಅಲ್ವಾ ಮಾಡೋದು?"

ನನ್ನ ಬಲಗೈ ಎತ್ತಿ ನೋಡಿಕೊಂಡೆ. ಕಿರುಬೆರಳು ಬಗ್ಗಿತ್ತು.

ನೆಟ್ಟಗೆ ಮಾಡಲು ಹೋದೆ. ಆಗಲಿಲ್ಲ.

ವಿಮಲಾ ಕಾಯುತ್ತಿದ್ದಳು, ನಾನು ಏನೋ ಹೊಸ ಆಟ ಶುರು ಮಾಡಿದೆ ಎಂದುಕೊಂಡು.

ಆ ಸಂಜೆ ಒಂದೊಂದೇ ನೆನಪಾದವು. ಬಳೆಗಾರ ಕೈ ಹಿಸುಕುತ್ತಾ, "ಏನಮ್ಮ, ಈ ಕಡೆ ಕೈ ಇಷ್ಟು ಬತ್ತೋಗಿದೆ?" ಎಂದಿದ್ದ. ಅವನು ಚಿಕ್ಕ ಅಳತೆಯ ಬಳೆ ಸಾಗಹಾಕಲು ನೋಡುತ್ತಿದ್ದಾನೆ ಎಂದುಕೊಂಡಿದ್ದೆ. ರೊಟ್ಟಿ ತಟ್ಟುವಾಗ ಕಾವಲಿ ತಗುಲಿ ಕಿರುಬೆರಳ ಬದಿ ಬೊಬ್ಬೆ ಎದ್ದಿತ್ತು, ನೋಯಲೇ ಇಲ್ಲ. ಕೈ ಪಳಗಿದೆ ಎಂದು ಜಂಬ ಪಟ್ಟಿದ್ದೆ. ಮುಂಗೈ ಮೇಲೆ ಹತ್ತು ನಯಾಪೈಸೆಯಷ್ಟಗಲ ಬಿಳಿಚಿದ ಮಚ್ಚೆಯೊಂದು ಯಾವಾಗಿನಿಂದಲೋ ಇತ್ತು. ಸಾಬೂನು ಬದಲಾಯಿಸಿದ್ದೆ. ಊರಿನ ಜನರನ್ನೆಲ್ಲ ಅನುಮಾನಿಸಿದ ನಾನು ನನ್ನ ಕೈಯನ್ನು ಮಾತ್ರ ಒಂದು ದಿನವೂ ಅನುಮಾನಿಸಿರಲಿಲ್ಲ.

ಯಜಮಾನರು "ವಾಯು ಇರ್ಬೇಕು" ಎಂದು ಎಣ್ಣೆ ತಿಕ್ಕಿದರು. ಹದಿನೈದು ದಿನ ತಿಕ್ಕಿ, ಆಮೇಲೆ ಬಸ್ಸು ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ನನ್ನ ಮೊಣಕೈ ಹಿಂದೆ ಬೆರಳಿಟ್ಟು ಒತ್ತಿದರು. ಅಲ್ಲಿ ಒಂದು ನರ ಹುರಿಯಂತೆ ದಪ್ಪವಾಗಿ ಸಿಕ್ಕಿತು, ನನಗೂ ಮುಟ್ಟಿಸಿ ತೋರಿಸಿದರು. "ಅಲ್ನಾರ್ ನರ್ವ್, ಕಿರುಬೆರಳಿಗೆ ಹೋಗೋ ನರ" ಎಂದರು. ಆಮೇಲೆ ಹತ್ತಿಯ ಎಳೆಯೊಂದನ್ನು ತೆಗೆದುಕೊಂಡು, "ಕಣ್ಣು ಮುಚ್ಕೊಳಿ. ನಾನು ಮುಟ್ಟಿದ ಕಡೆ ತೋರಿಸ್ತಾ ಹೋಗಿ" ಎಂದರು. ಕಣ್ಣು ಮುಚ್ಚಿ ಕೂತೆ. ಕಾದೆ. ಇನ್ನೂ ಕಾದೆ. ಇವರು ಆಟ ಆಡುತ್ತಿದ್ದಾರೇನೋ ಎನಿಸಿತು.

"ಇನ್ನೂ ಶುರು ಮಾಡಲಿಲ್ವಾ ಡಾಕ್ಟ್ರೇ?"

"ಮುಗೀತಮ್ಮ, ಕಣ್ಣು ಬಿಡಿ."

ಮಚ್ಚೆಯ ಹತ್ತಿರ ಚರ್ಮ ಚೂರು ಕೆರೆದು ಗಾಜಿನ ಮೇಲೆ ಸವರಿ ಲ್ಯಾಬಿಗೆ ಕಳಿಸಿದರು. ವಾರ ಬಿಟ್ಟು ಬರಲು ಹೇಳಿದರು. ವಾರದ ನಂತರ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಯಜಮಾನರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಕೇಳಿಸಿದ್ದು "ಹ್ಯಾನ್ಸನ್ಸ್ ಡಿಸೀಸ್" ಎಂಬ ಎರಡು ಪದ. ಹ್ಯಾನ್ಸನ್ ಎಂದರೆ ಯಾರೋ ಒಳ್ಳೆಯ ದೊರೆಯ ಹೆಸರಿನಂತಿದೆ, ಭಯ ಪಡುವಂಥದ್ದು ಇರಲಾರದು ಎಂದುಕೊಂಡೆ. ಆದರೆ ನರ್ಸ್ ಕೈ ತೊಳೆದಳು. ಒಂದು ಸಲ ತೊಳೆದವಳು ಮತ್ತೆ ತೊಳೆದಳು.

ಬಸ್ ಸ್ಟಾಪಿನಲ್ಲಿ ಯಜಮಾನರ ಮುಖದಲ್ಲಿ ರಕ್ತವಿರಲಿಲ್ಲ.

"ಏನಂತ್ರೀ?"

"ದೊಡ್ಡ ರೋಗ."

ಮೈ ಉರಿದುಹೋಯಿತು ನನಗೆ. "ಆಸ್ಪತ್ರೆಗೆ ಬಂದ ಹೊತ್ತಲ್ಲೂ ತಮಾಷೆನಾ? ನಾನು ಯಾರ ಮೇಲೆ ಅನುಮಾನ ಪಟ್ಟೆ ಈಗ? ನರ್ಸ್ ಎರಡು ಸಲ ಕೈ ತೊಳೆದದ್ದು ನೋಡಿದೆ ಅಷ್ಟೆ!"

ಅವರ ಕಣ್ಣಲ್ಲಿ ನೀರು ತುಂಬಿಕೊಂಡಿತು.

ಅವರು ಗಾದೆ ಹೇಳಿರಲಿಲ್ಲ. ಕುಷ್ಠ ಎಂಬ ಮಾತನ್ನು ಬಾಯಿಗೆ ತರಲಾರದೆ ನಮ್ಮ ಕಡೆಯ ಜನ ಹೇಳುವಂತೆ ಹೇಳಿದ್ದರು.

ಮರುದಿನವೇ ಡಾಕ್ಟರ ಹತ್ತಿರ ತಿರುಗಿ ಹೋಗಿ, ಕನ್ನಡದಲ್ಲಿ ಹೇಳಿ ಎಂದೆ. ಹೇಳಿದರು. ಸ್ಮಿಯರ್ ನೆಗೆಟಿವ್ ಬಂದಿದೆ, ಅಂದರೆ ಕೆರೆದ ಚರ್ಮದಲ್ಲಿ ರೋಗಾಣು ಕಾಣಿಸಿಲ್ಲ. ನನ್ನಿಂದ ಇನ್ನೊಬ್ಬರಿಗೆ ಹರಡುವ ಜಾತಿಯದಲ್ಲ. ದಿನಾ ಡಿ.ಡಿ.ಎಸ್. ಮಾತ್ರೆ, ವರ್ಷಗಟ್ಟಲೆ. ಬೆರಳಿಗೆ ವ್ಯಾಯಾಮ. ಸತ್ತ ಸ್ಪರ್ಶ ತಿರುಗಿ ಬರುತ್ತದೆಂಬ ಭರವಸೆ ಇಲ್ಲ, ಆದರೆ ಇಲ್ಲಿಗೆ ನಿಲ್ಲಿಸಬಹುದು.

"ನಾನು ಮಕ್ಕಳಿಗೆ ಕೈಯಾಟ ಕಲಿಸೋಳು ಡಾಕ್ಟ್ರೇ. ದಿನಾ ಅವುಗಳ ಕೈ ಹಿಡೀತೀನಿ. ಇಪ್ಪತ್ಮೂರು ಮಕ್ಕಳ ಕಿರುಬೆರಳೂ ಬಗ್ಗಿದೆ."

ಅವರು ಪೆನ್ನು ಕೆಳಗಿಟ್ಟರು. "ನಿಮ್ಮನ್ನ ನೋಡಿ ಕಲಿತಿವೆ, ಅಷ್ಟೆ. ರೋಗ ಹಂಗೆ ಒಟ್ಟಿಗೆ ಬರೋಲ್ಲ. ಬೆರಳನ್ನ ತಾವಾಗೇ ನೆಟ್ಟಗೆ ಮಾಡಕ್ಕೆ ಬಂದ್ರೆ ಏನೂ ಇಲ್ಲ ಅಂತ. ಬೇಕಾದ್ರೆ ಮಕ್ಕಳನ್ನ ಕರ್ಕೊಂಡ್ಬನ್ನಿ, ನೋಡ್ತೀನಿ" ಎಂದರು.

ಕರೆದುಕೊಂಡು ಬನ್ನಿ ಎನ್ನುವುದು ಸುಲಭ. ಇಪ್ಪತ್ಮೂರು ಮನೆಗೆ ಹೋಗಿ ಏನೆಂದು ಹೇಳಲಿ? ಹೇಳಿದ ಸಂಜೆಗೇ ಶಾಲೆಗೆ ಬೀಗ ಬೀಳುತ್ತದೆ, ಆ ಮಕ್ಕಳ ಹಣೆಗೂ ಒಂದು ಹೆಸರು ಅಂಟುತ್ತದೆ.

ನರ ದೌರ್ಬಲ್ಯ ಎಂದು ಬರೆದು ರಜೆ ಹಾಕಿದೆ. ಅಧ್ಯಕ್ಷಿಣಿಗೆ ಮಾತ್ರ, ಅವರು ಓದಿಕೊಂಡವರು ಎಂದು, ಡಾಕ್ಟರ ಸರ್ಟಿಫಿಕೇಟ್ ತೋರಿಸಿದೆ. ಅವರು ಎರಡು ಸಲ ಓದಿದರು. "ಹರಡಲ್ಲ ಅಂತ ಡಾಕ್ಟರೇ ಬರ್ದಿದ್ದಾರಲ್ಲ. ದೀಪಾವಳಿ ಆದ್ಮೇಲೆ ಬನ್ನಿ, ನಾನು ಯಾರಿಗೂ ಹೇಳಲ್ಲ" ಎಂದರು. ಕಾಫಿ ಕೊಟ್ಟರು. ನಾನು ಕುಡಿದಿಟ್ಟ ಲೋಟವನ್ನು ಒಳಗೆ ಏನು ಮಾಡಿದರೋ ಎಂದು ಇವತ್ತಿಗೂ ನನಗೆ ಕುತೂಹಲ.

ಕೆಲಸ ಹೀಗೆ ಉಳಿಯಿತು. ಆದರೆ ಮಕ್ಕಳಿಗೆ ನಾನೇ ತಂದಿಟ್ಟೆನೋ ಏನೋ ಎಂದು ತಿಳಿಯದೆ ಆ ಬಾಗಿಲು ತುಳಿಯುವುದಿಲ್ಲ ಎಂದು ನಿರ್ಧರಿಸಿದೆ. ನಮಗೆ ಮಕ್ಕಳಿಲ್ಲ. ಇದ್ದವು ಇವೇ.

ಆ ಮೂರು ತಿಂಗಳು ಮನೆಯೊಳಗೆ ನಾನೊಬ್ಬ ಪತ್ತೇದಾರಿ. ನನ್ನ ತಟ್ಟೆ, ಲೋಟ, ಚಾಪೆ ಬೇರೆ ಮಾಡಿಕೊಂಡೆ. ಯಜಮಾನರು ಜಗಲಿಯಲ್ಲಿ ಮಲಗಿದರೆ ಸೆಕೆಗೋ ನನಗೆ ಹೆದರಿಯೋ ಎಂದು ಲೆಕ್ಕ ಹಾಕಿದೆ. ಒಂದು ಬೆಳಿಗ್ಗೆ ಅವರು ನನ್ನ ಲೋಟ ಎತ್ತಿಕೊಂಡು, ನಾನು ಉಳಿಸಿದ್ದ ಅರ್ಧ ಕಾಫಿಯನ್ನು ನನ್ನ ಎದುರಿಗೇ ಗಟಗಟ ಕುಡಿದರು. ಬೇರೆ ಯಾವ ಹೆಂಗಸಾದರೂ ಅತ್ತುಬಿಡುತ್ತಿದ್ದಳು. ನಾನು, "ಡಾಕ್ಟರು ಹಿಂಗೆ ಮಾಡಿ ಅಂತ ಹೇಳ್ಕೊಟ್ರಾ?" ಎಂದೆ.

"ಹೌದು ಕಣೇ. ಆಮೇಲೆ ಸಕ್ಕರೆ ಕಮ್ಮಿ ಹಾಕು ಅಂತಲೂ ಹೇಳಿದ್ರು" ಎಂದರು ಅವರು.

ನಗು ಬಂತು. ಆಮೇಲೆ ಅಡುಗೆ ಮನೆಗೆ ಹೋಗಿ ಅತ್ತೆ.

ವ್ಯಾಯಾಮ ಕಲಿಸಿದ್ದು ಆಸ್ಪತ್ರೆಯ ಫಿಸಿಯೋಥೆರಪಿಯವರು. ಕೈಯನ್ನು ಬಿಸಿನೀರಿನಲ್ಲಿ ಅದ್ದುವ ಮೊದಲು ಬೇರೆಯವರಿಂದ ಮುಟ್ಟಿಸಿ ನೋಡಬೇಕು, ಯಾಕೆಂದರೆ ಸುಟ್ಟರೂ ನನಗೆ ತಿಳಿಯುವುದಿಲ್ಲ. ಎಣ್ಣೆ ಹಚ್ಚಬೇಕು. ಮುಷ್ಟಿ ಕಟ್ಟಿ ಒಂದೊಂದೇ ಬೆರಳು ಬಿಚ್ಚಬೇಕು, ಹೆಬ್ಬೆರಳಿನಿಂದ ಶುರು ಮಾಡಿ. ಕೊನೆಯದನ್ನು ಎಡಗೈಯಿಂದ ನೀವಿ ನೆಟ್ಟಗೆ ಮಾಡಬೇಕು. ಅಯ್ಯೋ ಶಿವನೇ, ನನ್ನ ಹಾಡನ್ನೇ ನನಗೆ ಔಷಧಿ ಅಂತ ಬರೆದುಕೊಟ್ಟರಲ್ಲ! ದಿನಕ್ಕೆ ಮೂರು ಹೊತ್ತು, ಬಾಗಿಲು ಹಾಕಿಕೊಂಡು, ನಲವತ್ತರ ಹತ್ತಿರ ಬಂದ ಹೆಂಗಸು ಬಾಗಿಲು ತೆಗೆದ ಹೆಬ್ಬೆರಳಪ್ಪ ಎಂದು ಗುನುಗುತ್ತಾ ಕೂತಿರುತ್ತಿದ್ದೆ. ನೆಟ್ಟಗೆ ನಿಂತು ಎನ್ನುವ ಮಾತು ಬಂದಾಗ ಮಾತ್ರ ಹಾಡು ನಿಲ್ಲಿಸಿ ಬೆರಳು ನೀವುತ್ತಿದ್ದೆ.

ಮುನಿಯಮ್ಮ ಬಂದದ್ದು ದೀಪಾವಳಿ ಕಳೆದ ಮೇಲೆ. ಸೆರಗಿನಲ್ಲಿ ಅವರ ಹೊಲದ ಮೊದಲ ಅವರೆಕಾಯಿ ಕಟ್ಟಿಕೊಂಡು ಬಂದಿದ್ದಳು. ಯಾರೋ ಕಳಿಸಿದ್ದಾರೆ, ನನ್ನ ಕೈ ನೋಡಿಕೊಂಡು ಹೋಗಿ ಊರಿಗೆಲ್ಲ ಸಾರಲು ಬಂದಿದ್ದಾಳೆ ಎಂದುಕೊಂಡು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಮುಚ್ಕೋಬೇಡಿ ಟೀಚರಮ್ಮ. ಯುಗಾದಿ ಹೊತ್ಗೇ ನೋಡಿದ್ದೆ" ಎಂದಳು.

ಅವಳ ಅತ್ತೆಗೂ ಹೀಗೇ ಶುರುವಾಗಿತ್ತಂತೆ, ಕಿರುಬೆರಳಿನಿಂದ. ಊರಿನವರು ಹೊಲದ ಮೂಲೆಯಲ್ಲಿ ಗುಡಿಸಲು ಹಾಕಿ ಬಿಟ್ಟಿದ್ದರಂತೆ. ಅಲ್ಲಿಗೆ ಹೋಗಿ ಮುದ್ದೆ ಮುರಿದು ತಿನ್ನಿಸುತ್ತಿದ್ದವಳು ಇವಳೇ.

"ಗೊತ್ತಿದ್ರೂ ಯಾಕೆ ಬಾಯಿ ಬಿಡಲಿಲ್ಲ? ಅಷ್ಟು ತಿಂಗಳು ಮೊದಲೇ ಔಷಧಿ ಶುರುವಾಗ್ತಿತ್ತಲ್ಲ!" ಕೃತಜ್ಞತೆಗಿಂತ ಮೊದಲು ಬಂದದ್ದು ಸಿಟ್ಟು.

"ಇದಕ್ಕೆ ಔಷಧಿ ಐತೆ ಅಂತ ನಂಗೇನ್ ಗೊತ್ತಮ್ಮ? ನಮ್ಮತ್ತೆಗೆ ಸಿಕ್ಕಿದ್ದು ಗುಡಿಸಲು ಒಂದೇ." ಅವರೆಕಾಯಿ ಮೊರಕ್ಕೆ ಸುರಿದಳು. "ಹೇಳಿದ್ರೆ ನಿಮ್ಮನ್ನೂ ಆಚೆ ಹಾಕ್ತಾರೆ ಅಂತ ಸುಮ್ನಿದ್ದೆ. ಅದೂ ಅಲ್ದೆ ನೀವು ನಂಬ್ತಿದ್ರಾ? ಒಂದಕ್ಕೆ ಬೆರಳಿಗೇ ನನ್ನನ್ನ ಅಡುಗೆ ಮನೆಗೆ ಹಾಕ್ಸಿದೋರು."

ನಾನು ತಲೆ ತಗ್ಗಿಸಿದೆ. ಈ ಸಲ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. "ತಪ್ಪಾಯ್ತು ಮುನಿಯಮ್ಮ" ಎಂದೆ. ಅವಳು ಕಾಯಿ ಬಿಡಿಸುತ್ತಲೇ ಇದ್ದಳು.

ಆಮೇಲೆ ಎದೆಯೊಳಗಿದ್ದದ್ದನ್ನು ಕೇಳಿದೆ. "ಮೊದಲು ಮಕ್ಕಳು ಒಂದಕ್ಕೆ ಅಂತ ಬೆರಳು ಎತ್ತುತಿದ್ವಲ್ಲ. ಆಗ ನೆಟ್ಟಗಿತ್ತಾ, ಬಗ್ಗಿತ್ತಾ?" ಎಷ್ಟು ನೆನೆಸಿಕೊಂಡರೂ ನನಗೆ ಅದೊಂದು ನೆನಪಾಗುತ್ತಿರಲಿಲ್ಲ. ಹೊರಗೆ ಕರೆದೊಯ್ಯುವುದು ನನ್ನ ಕೆಲಸವಾಗಿರಲಿಲ್ಲ, ನಾನು ನೋಡಿಯೇ ಇರಲಿಲ್ಲ.

"ನೆಟ್ಟಗೇ ಇದ್ವಮ್ಮ, ಮೊಳೆ ಥರ. ಹಾಡಲ್ಲಿ ಮಾತ್ರ ಬಗ್ಗಿಸ್ತಾವೆ."

ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾಳೆ. ಅದೂ ಅಲ್ಲದೆ ಅದು ಆಗಿನ ಮಾತು, ಈಗ ಹೇಗಿದೆಯೋ. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ನೀವು ಕಣ್ಣಾರೆ ಕಂಡ್ರೂ ನಂಬೋರಲ್ಲ. ಆದ್ರೂ ನಾಳೆ ಹಾಲು ಕೊಡೋ ಹೊತ್ಗೆ ಬಂದು ಕಿಟಕಿ ಹತ್ರ ನಿಂತ್ಕೊಳ್ಳಿ. ನೀವು ನಿಲ್ಸಿದ ಸನ್ನೆ ನಾಳೆ ಒಂದಿನ ನಾನು ನಡೆಸ್ತೀನಿ."

ಹೋದೆ. ಶಾಲೆಯ ಪಕ್ಕದ ಖಾಲಿ ಸೈಟಿನಲ್ಲಿ ಇದ್ದದ್ದು ಬರೀ ತುಂಬೆ ಗಿಡ ಮತ್ತು ಕಲ್ಲಿನ ರಾಶಿ. ಕಲ್ಲಿನ ಮೇಲೆ ಹತ್ತಿ ಕಿಟಕಿಯ ಸರಳು ಹಿಡಿದೆ. ಒಳಗೆ ನನ್ನ ರಜೆಗೆಂದು ಬಂದಿದ್ದ ಹೊಸ ಟೀಚರ್ ಮಕ್ಕಳಿಗೆ ನನ್ನ ಹಾಡನ್ನೇ ಹಾಡಿಸುತ್ತಿದ್ದಳು. ಕೊನೆಯ ಸಾಲು ಬಂತು. ಟೀಚರಿನ ಕಿರುಬೆರಳು ನೆಟ್ಟಗೆ. ಮಕ್ಕಳದು ಕೊಕ್ಕೆ. ಅವಳು ಎಷ್ಟು ತಿದ್ದಿದರೂ ಕೊಕ್ಕೆ. ಕಲ್ಲಿನಿಂದ ಬಿದ್ದುಬಿಡುತ್ತೇನೆ ಎನಿಸಿತು.

ಆಗ ಮುನಿಯಮ್ಮ ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಳು. ಕಿಟಕಿಯ ಕಡೆ ತಿರುಗಿಯೂ ನೋಡದೆ, ಗದರುವ ಗಂಟಲಲ್ಲಿ ಕೇಳಿದಳು.

"ಒಂದಕ್ಕೆ ಯಾರ್ಯಾರಿಗೆ ಹೋಗ್ಬೇಕು? ಬೆರಳೆತ್ತಿ!"

ಎದ್ದವು ನೋಡಿ. ಮೊದಲು ಒಂದು, ಆಮೇಲೆ ಐದು, ಆಮೇಲೆ ಎಲ್ಲವೂ. ಹೋಗಬೇಕಾದವರೂ ಬೇಡದವರೂ. ಮುಷ್ಟಿಯ ಮೇಲೆ ಒಂದೊಂದು ಪುಟ್ಟ ಕಿರುಬೆರಳು, ಮೊಳೆಯಂತೆ ನೆಟ್ಟಗೆ. ಎಣಿಸಿದೆ. ಇಪ್ಪತ್ಮೂರು. ಅನುಮಾನ ಬಂದು ಇನ್ನೊಂದು ಸಲ ಎಣಿಸಿದೆ. ಇಪ್ಪತ್ಮೂರೇ.

ಅಬ್ಬಾ, ಅವತ್ತು ನಾನು ಅತ್ತ ಹಾಗೆ ನನ್ನ ತಾಯಿ ಸತ್ತಾಗಲೂ ಅತ್ತಿರಲಿಲ್ಲ. ಅಳುತ್ತಲೇ, ಯಾಕೆಂದು ಗೊತ್ತಿಲ್ಲ, ನನ್ನ ಬಲಗೈಯನ್ನೂ ಎತ್ತಿದೆ. ಮೂರು ತಿಂಗಳ ಎಣ್ಣೆಗೂ ವ್ಯಾಯಾಮಕ್ಕೂ ಅರ್ಧ ಎದ್ದಿದ್ದ ಬೆರಳು. ಅದನ್ನು ಕಂಡವಳು ವಿಮಲಾ.

"ಟೀಚರ್! ಮುನಿಯಮ್ಮಾ, ನಮ್ಮ ಟೀಚರ್‌ಗೂ ಒಂದಕ್ಕೆ ಬಂದಿದೆ!"

ಇಪ್ಪತ್ಮೂರು ತಲೆ ಕಿಟಕಿಗೆ ತಿರುಗಿದವು. ಮುನಿಯಮ್ಮ ಮಾತ್ರ ತಿರುಗಲಿಲ್ಲ. "ಬಂದಿದ್ರೆ ಒಳಗ್ ಬಂದು ಸಾಲಲ್ಲಿ ನಿಂತ್ಕೊಳ್ಳಕ್ಕೆ ಹೇಳು. ಕಿಟಕೀಲಿ ನಿಂತು ಬೆರಳೆತ್ತಿದ್ರೆ ಯಾರು ಕರ್ಕೊಂಡೋಗ್ತಾರೆ?" ಎಂದಳು.

ಹೋದೆ. ಹಿತ್ತಲಿಗೆ ಹೊರಟ ಸಾಲಿನ ಕೊನೆಯಲ್ಲಿ ನಿಂತೆ. ಒಬ್ಬರ ಕೈ ಒಬ್ಬರು ಹಿಡಿದು ಹೋಗಬೇಕೆಂಬುದು ನಾನೇ ಮಾಡಿದ ನಿಯಮ. ನನ್ನ ಮುಂದೆ ನಿಂತಿದ್ದ ವಿಮಲಾ ಹಿಂದಕ್ಕೆ ಕೈ ಚಾಚಿದಳು. ನಾನು ಕೈ ಕೊಡಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಸಾಲು ಹೊರಟಿತು. ತಗ್ಗಿ ನೋಡಿದೆ. ಅವಳು ನನ್ನ ಬಲಗೈಯ ಕಿರುಬೆರಳನ್ನು ಭದ್ರವಾಗಿ ಹಿಡಿದುಕೊಂಡು ನಡೆಯುತ್ತಿದ್ದಳು. ಯಾವಾಗ ಹಿಡಿದಳೋ ನನಗೆ ತಿಳಿದೇ ಇರಲಿಲ್ಲ.